ಹದಿನಾರು ಪುಟ, ಒಂದು ದಬ್ಬಣ

ಎಡಗೈ ತೋರುಬೆರಳಿನ ತುದೀಲಿ ಇನ್ನೂ ಸಣ್ಣದೊಂದು ಗಂಟಿದೆ, ದಬ್ಬಣ ಚುಚ್ಚಿದ್ದು. ಗೆಳೆಯನ ನಾಟಕಕ್ಕೆ ಅಂತ ಕೈಯಾರೆ ಹೊಲ್ದ 150 ಪುಸ್ತಕ, ಒಂದೊಂದಕ್ಕೆ ಮೂರು ತೂತು, ಒಟ್ಟು 450 ತೂತು, ಅದ್ರಲ್ಲಿ ಒಂದಿಪ್ಪತ್ತಾದ್ರೂ ನನ್ನ ಕೈಗೇ ಬಿದ್ದಿರ್ಬೇಕು. ನಾಟಕ ಮುಗ್ದು, ದೊಡ್ಡಹಬ್ಬಾನೂ (ದೀಪಾವಳಿ) ಮುಗ್ದು, ಈಗ ಎಲ್ರೂ ಅಡಿಕೆ ಕೊಯ್ಲಲ್ಲಿ ಬಿಜಿ ಇದಾರೆ, ನಂಗೆ ಮಾತ್ರ ಇನ್ನೂ ಪುಟದ ಲೆಕ್ಕ ತಲೇಲಿ ಓಡ್ತಾನೇ ಇದೆ, ಅದಕ್ಕೇ ಬರ್ದು ಇಳಿಸೋಣ ಅಂತ ಕೂತೆ.

ಆಗಸ್ಟಲ್ಲಿ ಗೆಳೆಯ ಫೋನ್ ಮಾಡಿದ್ದ. ನೀನಾಸಂನಲ್ಲಿ ಒಂದು ವರ್ಷ ನಾಟಕ ಕಲ್ತು ಬಂದೋನು, ಆಮೇಲೆ ಅಲ್ಲಿ ಇಲ್ಲಿ ಕೆಲಸ ಮಾಡಿ ವಾಪಸ್ ಊರಿಗೆ ಬಂದು ತೋಟ ನೋಡ್ಕೊಂಡಿದಾನೆ, ವರ್ಷಕ್ಕೊಂದು ಹುಚ್ಚು ಹಿಡಿಯುತ್ತೆ. ಈ ಸಲದ್ದು ಶರಾವತಿ ಡ್ಯಾಮಿನ ಮುಳುಗಡೆ ಬಗ್ಗೆ, ಆದ್ರೆ ನಾಟಕ ಅಲ್ವಂತೆ, ಇನ್‌ಸ್ಟಲೇಷನ್ ಅಂತೆ. "ಒಂದು ಬ್ರೋಷರ್ ಮಾಡ್ಕೊಡು ಮಾರಾಯ್ತಿ, ನಾಲ್ಕೇ ಪುಟ ಸಾಕು, ನಾಟಕದ್ದೊಂದು ಪುಟ, ನನ್ನ ಮಾತು ಒಂದು ಪುಟ, ಪಾತ್ರವರ್ಗ, ಕೃತಜ್ಞತೆ." ಜಾಗ ಎಲ್ಲಿ ಅಂತ ಕೇಳಿದ್ರೆ ನಮ್ಮ ದೊಡ್ಡಪ್ಪನ ಹಳೇಮನೆ. ದೊಡ್ಡಪ್ಪ ಪಕ್ಕದಲ್ಲೇ ಆರ್‌ಸಿಸಿ ಮನೆ ಕಟ್ಟಿಸ್ಕೊಂಡ್ಮೇಲೆ ಹೆಂಚಿನ ಮನೆ ಖಾಲಿ ಬಿದ್ದಿತ್ತು, ಅಡಿಕೆ ಮೂಟೆ ಬಿಟ್ರೆ ಯಾರೂ ಇಲ್ಲ. ಇವ್ನು ನನ್ನನ್ನ ಕೇಳೋ ಮುಂಚೆನೇ ದೊಡ್ಡಮ್ಮನ ಹತ್ರ ಹೋಗಿ ಕಾಫಿ ಕುಡ್ದು ಒಪ್ಪಿಸಿಬಿಟ್ಟಿದ್ದ. ದೊಡ್ಡಮ್ಮಂದು ಒಂದೇ ಕಂಡೀಷನ್, "ಕೊಯ್ಲು ಶುರುವಾಗೋದ್ರೊಳಗೆ ಖಾಲಿ ಮಾಡಿ ಕೊಡಿ, ಗೋಡೆಗೆ ಮೊಳೆ ಹೊಡೀಬೇಡಿ."

ನಮ್ಮ ಕಡೆ ಜನಕ್ಕೆ ನಾಟಕ ಅಂದ್ರೆ ಹೊಸದೇನಲ್ಲ. 1949ರಿಂದ ಸಾಗರದ ಹತ್ರ ಹೆಗ್ಗೋಡಲ್ಲಿ ನೀನಾಸಂ ಇದೆ, ಅಡಿಕೆ ಸುಲಿಯೋರೂ ಷೇಕ್ಸ್‌ಪಿಯರ್ ನೋಡಿ "ಹೋದ್ವರ್ಷದ್ದೇ ಚೆನ್ನಾಗಿತ್ತು" ಅನ್ನೋ ತಾಲ್ಲೂಕು ಇದು. ಆದ್ರೆ ಕುರ್ಚಿನೇ ಇಲ್ದಿರೋ ನಾಟಕ ಅಂದ್ರೆ ಸ್ವಲ್ಪ ಕಷ್ಟ. ಒಂದ್ಸಲಕ್ಕೆ ಹದಿನೈದು ಜನ ಮಾತ್ರ, ಜಗಲಿಯಿಂದ ಶುರು ಮಾಡಿ ನಡುಮನೆ, ಅಡುಗೆಮನೆ, ಬಚ್ಚಲು, ಆಮೇಲೆ ಏಣಿ ಹತ್ತಿ ಅಟ್ಟ, ಹೀಗೆ ನಡ್ಕೊಂಡು ಹೋಗ್ಬೇಕು. ಗೋಡೆ ಮೇಲೆ ಕೆಮ್ಮಣ್ಣಲ್ಲಿ ಒಂದು ಗೆರೆ, ಜಗಲೀಲಿ ಮೊಣಕಾಲಿಗೆ, ನಡುಮನೇಲಿ ಸೊಂಟಕ್ಕೆ, ಅಡುಗೆಮನೇಲಿ ಎದೆಗೆ, ಬಚ್ಚಲಲ್ಲಿ ತಲೆ ಮೇಲೆ. ಮಾತಿಲ್ಲ. ನಡುಮನೇಲಿ ಒಬ್ಬ ನಟ ಟ್ರಂಕಿಗೆ ಸಾಮಾನು ತುಂಬ್ತಾನೆ, ತೆಗೀತಾನೆ, ಮತ್ತೆ ತುಂಬ್ತಾನೆ, ಅಷ್ಟೇ. ನೀಲಿ ಲೈಟ್ ಹಾಕ್ತೀನಿ ಅಂತಿದ್ದ, ನೀರು ಅಂದ್ರೆ ನೀಲಿ ಅಂತ ಯಾರು ಹೇಳಿದ್ದು ನಿಂಗೆ, ಶರಾವತಿ ಹಿನ್ನೀರನ್ನ ಮಳೇಲಿ ನೋಡಿದೀಯಾ, ಒಳ್ಳೆ ಚಾ ಇದ್ದಂಗಿರುತ್ತೆ ಅಂದೆ, ಬಿಟ್ಟ. ಬರೀ ಲಾಟೀನು ಇಟ್ಟ.

ಜಗಳ ಆಗಿದ್ದು ಆ "ನನ್ನ ಮಾತು" ಪುಟಕ್ಕೆ. ಬರ್ದು ಕಳಿಸಿದ್ದ, ಸ್ಥಳಾಂತರ, ಸ್ಮೃತಿ, ಅವಕಾಶ ಅಂತೆಲ್ಲ, ಓದ್ತಾ ಓದ್ತಾ ನಂಗೆ ಆಕಳಿಕೆ. ಬಚ್ಚಲಲ್ಲಿ ತಲೆ ಎತ್ತಿ ಆ ಗೆರೆ ನೋಡೋನಿಗೆ ಇದು ಜಲಾಶಯದ ಮಟ್ಟದ ರೂಪಕ ಅಂತ ಕೈಯಲ್ಲಿ ಚೀಟಿ ಕೊಟ್ರೆ ಹೆಂಗಿರುತ್ತೆ ಹೇಳಿ, ಜೋಕ್ ಹೇಳಿ ಅದನ್ನ ಬಿಡಿಸಿ ಹೇಳ್ದಂಗೆ. ನಾನಂದೆ, ನಾಟಕದಲ್ಲಿ ಮಾತಿಲ್ಲ ಅಲ್ವಾ, ಹಂಗಾದ್ರೆ ನಾಟಕದೊಳಗೆ ಹಿಡಿಸದೇ ಇರೋ ಮಾತು ಎಲ್ಲಿಗೆ ಹೋಗ್ಬೇಕು, ಅದನ್ನ ಇದ್ರಲ್ಲಿ ಹಾಕೋಣ, ವಿವರಣೆ ಬೇಡ. ಒಂದು ವಾರ ಮಾತು ಬಿಟ್ಟಿದ್ದ. ಆಮೇಲೆ "ಆಯ್ತು ಏನಾದ್ರೂ ಮಾಡ್ಕೋ" ಅಂತ ಮೆಸೇಜ್.

ದೊಡ್ಡಪ್ಪಂಗೆ ಝೀನ್ ಮಾಡ್ತಿದೀನಿ ಅಂದೆ. "ಎಂತ? ಜೇನಾ?" ಅಂದ್ರು. ಅಲ್ಲ ದೊಡ್ಡಪ್ಪ, ಅಮೆರಿಕದಲ್ಲಿ 1930ರ ದಶಕದಲ್ಲಿ ಸೈನ್ಸ್ ಫಿಕ್ಷನ್ ಹುಚ್ಚಿನೋರು ತಾವೇ ಬರ್ದು ತಾವೇ ಕಾಪಿ ತೆಗ್ದು ಹಂಚ್ಕೋತಿದ್ರಂತೆ, 1940ರಲ್ಲಿ ಅದಕ್ಕೆ ಫ್ಯಾನ್‌ಝೀನ್ ಅಂತ ಹೆಸರು ಬಿತ್ತು, ಅದ್ರ ಬಾಲ ಇದು ಅಂತ ವಿವರಿಸಿದೆ. ಪೂರ್ತಿ ಕೇಳಿಸ್ಕೊಂಡು "ಓ, ಕೈಬರಹದ ಪತ್ರಿಕೆ" ಅಂದ್ರು. ಅವ್ರು ಹಾಸ್ಟೆಲಲ್ಲಿದ್ದಾಗ ಮಾಡ್ತಿದ್ರಂತೆ, ಒಂದೇ ಕಾಪಿ, ರೂಮಿಂದ ರೂಮಿಗೆ ಹೋಗ್ತಿತ್ತಂತೆ. ದೊಡ್ಡಮ್ಮ ಒಳಗಿಂದ, "ಕಂಪನಿ ನಾಟಕಕ್ಕೆ ಹೋದ್ರೆ ಹಾಡಿನ ಪುಸ್ತಕ ಮಾರ್ತಿದ್ರಲ್ಲ, ಅಂಥದ್ದು." ಸರಿಯಾಗೇ ಹೇಳಿದ್ರು ಅನ್ಸುತ್ತೆ, ಆ ಪುಸ್ತಕದಲ್ಲೂ ನಾಟಕದ ಅರ್ಥ ಇರ್ತಿರ್ಲಿಲ್ಲ, ಹಾಡಷ್ಟೇ ಇರ್ತಿತ್ತು, ಮನೇಲಿ ಕೂತು ಹಾಡ್ಕೊಳ್ಳೋಕೆ.

ಒಳಗೆ ಏನು ಹಾಕೋದು ಅನ್ನೋದು ದೊಡ್ಡಪ್ಪನ ಬಾಯಿಂದಾನೇ ಬಂತು. ಅವ್ರು ಹುಟ್ಟಿದ ಮನೆ ಈಗ ನೀರಡಿ. ಹತ್ತು ಹನ್ನೊಂದು ವರ್ಷದವ್ರಿದ್ದಾಗ ಎದ್ದು ಬಂದಿದ್ದು, ಅಜ್ಜ ಬಾಗಿಲು ದಾರಂದ ಬಿಚ್ಚಿ ಗಾಡಿ ಮೇಲೆ ಹೇರ್ಕೊಂಡು ಬಂದು ಈ ಹಳೇಮನೆಗೆ ಹಾಕಿದ್ರು, ಅಂದ್ರೆ ನಾಟಕ ನೋಡೋಕೆ ಬರೋರು ದಾಟೋ ಹೊಸಿಲು ಆ ಮನೇದೇ. ಇದು ನಮಗೆ ಮುಂಚೆನೇ ಗೊತ್ತಿತ್ತು. ಗೊತ್ತಿಲ್ದೇ ಇದ್ದಿದ್ದು ಗದ್ದೆ ಹೆಸರು. ಒಂದಿನ ಸುಮ್ನೆ ಕೇಳಿದೆ ಅಲ್ಲಿ ಎಷ್ಟು ಗದ್ದೆ ಇತ್ತು ಅಂತ, ಅವ್ರು ಎಕರೆ ಹೇಳ್ಲಿಲ್ಲ, ಬೆರಳು ಮಡಚ್ತಾ ಹೆಸರು ಹೇಳ್ತಾ ಹೋದ್ರು, ಹಲಸಿನಮರದ ಗದ್ದೆ, ಮೂಲೆಗದ್ದೆ, ಕಾನಂಚಿನ ಗದ್ದೆ, ಬೆಳ್ಳಕ್ಕಿ ಗದ್ದೆ, ಅಜ್ಜಿ ಜಾರಿಬಿದ್ದ ಗದ್ದೆ. ಎರಡು ಕೈ ಬೆರಳು ಮುಗ್ದು ಮತ್ತೆ ಮೊದಲಿಂದ. ಇವು ಯಾವ ನಕ್ಷೇಲೂ ಇಲ್ಲ, ಪಹಣೀಲಿ ಸರ್ವೆ ನಂಬರ್ ಇರುತ್ತೆ ಅಷ್ಟೇ, ಈ ಹೆಸರು ಆ ಮನೆಯೋರ ಬಾಯಲ್ಲಿ ಮಾತ್ರ ಇದ್ದಿದ್ದು, ಉಳಿದಿರೋದು ಈಗ ಒಬ್ರೇ. ಆವತ್ತೇ ಡಿಸೈಡ್ ಮಾಡ್ದೆ, ಇದೇ ಝೀನ್.

ಪುಟದ ನಂಬರ್ ಐಡಿಯಾ ಪೇಪರ್ ಓದ್ತಾ ಹೊಳೀತು. ಮಳೆಗಾಲದಲ್ಲಿ ನಮ್ಮನೇಲಿ ಪೇಪರ್ ಬಂದ ತಕ್ಷಣ ನೋಡೋದು ಶರಾವತಿಯ ಲಿಂಗನಮಕ್ಕಿ ಡ್ಯಾಮಿನ ನೀರಿನ ಮಟ್ಟ, 1819 ಅಡಿ ಆದ್ರೆ ಭರ್ತಿ, ಸಮುದ್ರ ಮಟ್ಟದಿಂದ ಲೆಕ್ಕ. ಹದಿನಾರು ಪುಟದ ಪುಸ್ತಕ, ಕೊನೇ ಪುಟ 1819 ಅಂದ್ರೆ ಮೊದಲ್ನೇದು 1804. ಪುಟ ತಿರುವಿದ್ಹಂಗೆ ನೀರು ಏರುತ್ತೆ, ಗದ್ದೆ ಹೆಸರು ಕೆಳಗಿಂದ ಒಂದೊಂದೇ ಕಮ್ಮಿ ಆಗ್ತಾ ಹೋಗುತ್ತೆ, ಕೊನೇ ಪುಟ ಖಾಲಿ. ನಡುಪುಟ 1811-1812ರಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿನ ಚಿತ್ರ ಬರ್ದೆ. ಲಿಂಗನಮಕ್ಕಿಗಿಂತ ಮುಂಚೆ ಅದೇ ಶರಾವತಿಗೆ ಕಟ್ಟಿದ್ದ ಡ್ಯಾಮ್ ಅದು, 1964ರಲ್ಲಿ ಲಿಂಗನಮಕ್ಕಿ ಆದ್ಮೇಲೆ ಅದೇ ಮುಳುಗಿ ಹೋಯ್ತು, ಬೇಸಿಗೇಲಿ ನೀರು ತುಂಬಾ ಇಳಿದ್ರೆ ಈಗ್ಲೂ ಎದ್ದು ಕಾಣುತ್ತೆ. ಡ್ಯಾಮನ್ನ ಡ್ಯಾಮೇ ಮುಳುಗಿಸಿದ್ದು. ಇದಕ್ಕೆ ಕೆಳಗೆ ಒಂದಕ್ಷರ ಬರೀಲಿಲ್ಲ.

ಟೈಪ್ ಮಾಡೋಕೆ ಕೂತ್ರೆ ಇನ್ನೊಂದು ತಲೆನೋವು. ಡೈರೆಕ್ಟರ್ ಸಾಹೇಬ್ರ ಟೀಮ್ ಲಿಸ್ಟ್ ಹಳೇ ನುಡಿ ಫಾಂಟಲ್ಲಿ, ನನ್ನ ಲ್ಯಾಪ್‌ಟಾಪಲ್ಲಿ ಓಪನ್ ಮಾಡಿದ್ರೆ ಬರೀ ಇಂಗ್ಲಿಷ್ ಅಕ್ಷರದ ಚಿತ್ರಾನ್ನ. ಯೂನಿಕೋಡಿಗೆ ಬದಲಾಯ್ಸಿ ಪುಟ ಜೋಡಿಸೋ ಇನ್‌ಡಿಸೈನಿಗೆ ಹಾಕಿದ್ರೆ ಒತ್ತಕ್ಷರ ಎಲ್ಲ ಬಿಡಿಬಿಡಿ, ಗದ್ದೆ ಹೋಗಿ ಗದ್‌ದೆ ಆಗಿತ್ತು. ಪ್ಯಾರಾಗ್ರಾಫ್ ಸೆಟ್ಟಿಂಗಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಅಂತ ಒಂದಿರುತ್ತೆ, ಅದನ್ನ ಆನ್ ಮಾಡಿದ್ರೆ ಸರಿಹೋಗುತ್ತೆ, ನಂಗೆ ಗೊತ್ತಾಗಿದ್ದು ಅರ್ಧ ರಾತ್ರಿ ಹಾಳಾದ್ಮೇಲೆ. ಅಷ್ಟರಲ್ಲಿ ಗದ್ದೆ ಹೆಸರನ್ನ ಟೈಪೇ ಮಾಡ್ಬಾರ್ದು, ದೊಡ್ಡಪ್ಪನ ಕೈಲೇ ಬರೆಸ್ಬೇಕು ಅನ್ಸಿತ್ತು. ಬರ್ದುಕೊಟ್ರು, ಚೆಂದದ ಅಕ್ಷರ, ಆದ್ರೆ ಪೆನ್ಸಿಲಲ್ಲಿ, ಅಡಿಕೆ ಲೆಕ್ಕ ಬರ್ಯೋ ಅದೇ ಮೊಂಡು ಪೆನ್ಸಿಲು. ಜೆರಾಕ್ಸ್ ತೆಗ್ದ್ರೆ ಏನೂ ಬೀಳ್ಲೇ ಇಲ್ಲ, ಡಾರ್ಕ್ ಜಾಸ್ತಿ ಮಾಡಿದ್ರೆ ಕಾಗದವೆಲ್ಲ ಬೂದಿ ಬಣ್ಣ. ಮತ್ತೊಂದ್ಸಲ ಪೆನ್ನಲ್ಲಿ ಬರೀರಿ ಅಂದೆ, ಬರೆದ್ರು, ಆದ್ರೆ ಈ ಸಲ ಎರಡು ಹೆಸರು ಹೆಚ್ಚಿಗೆ ಇದ್ವು, ಒಂದು ಹೆಸರು ಬೇರೆ ಇತ್ತು. ಯಾವ್ದು ಸರಿ ಅಂದ್ರೆ "ಎರಡೂ ಸರಿ" ಅಂದ್ರು. ಎರಡನ್ನೂ ಹಾಕಿದೀನಿ.

ರಕ್ಷಾಪುಟಕ್ಕೆ ಅಡಿಕೆ ಹಾಳೆ ಹಾಕ್ಬೇಕು ಅಂತ ನಂಗೆ ಸಿಕ್ಕಾಪಟ್ಟೆ ಆಸೆ ಇತ್ತು. ಪುಸ್ತಕದ ಹಾಳೆನೂ ಹಾಳೆ, ಮರದಿಂದ ಬೀಳೋದೂ ಹಾಳೆ, ಇಂಥ ಚಾನ್ಸ್ ಬೇರೆ ಯಾವ ಭಾಷೇಲಿ ಸಿಗುತ್ತೆ. ನೆನೆಸಿ, ಕಲ್ಲು ಹೇರಿ ಒಣಗಿಸಿದ್ವಿ. ಕಲ್ಲು ತೆಗ್ದ ಅರ್ಧ ಗಂಟೆಗೆ ಸುರುಳಿ ಸುತ್ಕೊಂಡಿತು, ಮಡಿಚಿದ್ರೆ ನಾರಿನುದ್ದಕ್ಕೂ ಸೀಳು, ನಾಲ್ಕನೇ ದಿನಕ್ಕೆ ಬೂಷ್ಟು. ದೊಡ್ಡಮ್ಮ ಒಂದನ್ನ ಎತ್ಕೊಂಡು ಹೋಗಿ ಕರೀಗೆ ಹಾಕೋ ಹಿಂಡಿ ಕಲಸಿದ್ರು, ಕರಿ ಅಂದ್ರೆ ಅವ್ರ ಎಮ್ಮೆ. ಕೊನೆಗೆ ಸಾಗರ ಪೇಟೇಲಿ ಶಾಲೆ ಪುಸ್ತಕಕ್ಕೆ ಬೈಂಡ್ ಹಾಕೋ ಖಾಕಿ ಕಾಗದದ ರೋಲ್ ತಂದೆ. ಅದೇ ಚೆನ್ನಾಗಿತ್ತು ಬಿಡಿ.

ಪ್ರಿಂಟಿಗೆ ಹೋಗಿದ್ದು ಬಸ್‌ಸ್ಟ್ಯಾಂಡ್ ಹತ್ರದ ಒಂದು ಜೆರಾಕ್ಸ್ ಅಂಗಡಿಗೆ. ಒಂದು ಪುಸ್ತಕಕ್ಕೆ ನಾಲ್ಕು ಎ4, ಎರಡೂ ಕಡೆ, ಮಡಚಿದ್ರೆ ಹದಿನಾರು ಪುಟ. ಒಂದೇ ಬದೀಲಿ ಬರೋ ಎರಡು ಪುಟದ ನಂಬರ್ ಕೂಡಿಸಿದ್ರೆ ಎಲ್ಲಾ ಕಡೆನೂ ಒಂದೇ ಮೊತ್ತ ಬರ್ಬೇಕು, ಮಾಮೂಲಿ ಪುಸ್ತಕ ಆಗಿದ್ರೆ 17, ನಂದ್ರಲ್ಲಿ 3623. ಅಂಗಡಿಯೋರು ಫೈಲ್ ನೋಡಿ ಕನ್ನಡಕ ಮೇಲೆ ಎತ್ತಿ, "ಮೇಡಂ, ಮೊದಲಿನ ಸಾವಿರದೆಂಟ್ನೂರ ಮೂರು ಪುಟ ಎಲ್ಲಿ?" ಅಂದ್ರು. ನಾನು ನಕ್ಕೆ, ಅವ್ರು ನಗ್ಲಿಲ್ಲ. ಮೊದಲ ನಲವತ್ತು ಹಾಳೆ ಹಿಂದಿನ ಬದಿ ತಲೆಕೆಳಗಾಗಿ ಬಂತು, ಶಾರ್ಟ್ ಎಡ್ಜ್ ಅಂತ ಟಿಕ್ ಹಾಕ್ಬೇಕಿತ್ತು, ತಪ್ಪು ನಂದೇ. ಆಮೇಲೆ ಮಳೆ. ಅಕ್ಟೋಬರಲ್ಲೂ ಬಿಡದ ಮಳೆಗೆ ಕಾಗದ ಮೆತ್ತಗಾಗಿ ಹತ್ತು ಹಾಳೆಗೊಂದ್ಸಲ ಜಾಮ್, ಆಮೇಲೆ ಕರೆಂಟೂ ಹೋಯ್ತು. ಉಳಿದ ಕಾಗದ ಮನೆಗೆ ತಂದು ಬಚ್ಚಲೊಲೆ ಮೇಲೆ ಬಟ್ಟೆ ಒಣಗಿಸೋ ಬಿದಿರಿನ ಗಳದ ಮೇಲೆ ಹರವಿ, ಮರುದಿನ ಪ್ಲಾಸ್ಟಿಕ್ಕಲ್ಲಿ ಸುತ್ಕೊಂಡು ಓಡ್ದೆ. (ಭದ್ರಾವತೀಲಿ ಎಂಪಿಎಂ ಕಾಗದ ಕಾರ್ಖಾನೆ ಇದ್ದ ಜಿಲ್ಲೆ ನಮ್ದು, ಸುತ್ತ ಇರೋ ಅಕೇಶಿಯಾ ಎಲ್ಲ ಕಾಗದಕ್ಕೇ ಅಂತ ನೆಟ್ಟಿದ್ದು, ಕಾರ್ಖಾನೆ ನಿಂತು ವರ್ಷಗಳೇ ಆಯ್ತು, ಅಕೇಶಿಯಾ ಮಾತ್ರ ನಿಂತಿಲ್ಲ.) ಹಾಗಾಗಿ ಅರ್ಧ ಪುಸ್ತಕಕ್ಕೆ ಹೊಗೆ ವಾಸನೆ ಇದೆ, ಅರ್ಧಕ್ಕಿಲ್ಲ.

ಸ್ಟೇಪ್ಲರ್ ನಡೂಕೆ ಎಟುಕ್ಲಿಲ್ಲ, ಉದ್ದ ಕೈದು ಎಲ್ಲೂ ಸಿಗ್ಲಿಲ್ಲ. ಹೊಲಿಯೋಣ ಅಂತ ಸಣ್ಣ ಸೂಜಿ ತಗೊಂಡು ಒದ್ದಾಡ್ತಿದ್ದೆ, ದೊಡ್ಡಮ್ಮ ನೋಡ್ತಾ ನಿಂತಿದ್ದೋರು ಒಳಗೆ ಹೋಗಿ ಗೋಣಿ ಹೊಲಿಯೋ ದಬ್ಬಣ ತಂದ್ರು. ಹಾಳೆ ಜೋಡಿಸಿ, ಚಮಚದ ಬೆನ್ನಲ್ಲಿ ಮಡಿಕೆ ಉಜ್ಜಿ, ಬಾಳೆದಿಂಡಿನ ಮೇಲೆ ತೆರೆದಿಟ್ಟು ದಬ್ಬಣದಲ್ಲಿ ಟಕ್ ಟಕ್ ಟಕ್ ಮೂರು ತೂತು. ದಿಂಡು ಮೆತ್ತಗಿರೋದ್ರಿಂದ ದಬ್ಬಣ ಸಲೀಸಾಗಿ ಇಳಿಯುತ್ತೆ, ಆದ್ರೆ ನೀರು ಬಿಡುತ್ತೆ, ಆದ್ರಿಂದ ಮೇಲೆ ಹಳೇ ಪೇಪರ್ ಹಾಸಿದ್ವಿ. ನಡುವಿನ ತೂತಲ್ಲಿ ದಾರ ಒಳಗಿಂದ ಹೊರಗೆ, ಮೇಲಿನದ್ರಲ್ಲಿ ಒಳಗೆ, ಕೆಳಗಿನದ್ರಲ್ಲಿ ಹೊರಗೆ, ಮತ್ತೆ ನಡುವಿನದ್ದು, ಗಂಟು. ನಾನು ಒಂದು ಮುಗಿಸೋದ್ರಲ್ಲಿ ಅವ್ರು ಮೂರು ಮುಗಿಸ್ತಿದ್ರು, ಟಿವಿ ನೋಡ್ತಾ. ಮೂರು ರಾತ್ರಿ.

ಮೂರು ದಿನ ಶೋ. ಹಿನ್ನೀರಿನ ಆಚೆ ದಡದಿಂದ, ತುಮರಿ ಬ್ಯಾಕೋಡು ಕಡೆಯಿಂದ ರಾತ್ರಿ ಶೋಗೆ ಜನ ಬಂದಿದ್ದು ನಂಗೆ ಖುಷಿ. ಲಾಂಚ್ ಇದ್ದಾಗ ಸಂಜೆ ಆದ್ರೆ ದಾರಿನೇ ಬಂದ್, 2025ರ ಜುಲೈ 14ಕ್ಕೆ ಸೇತುವೆ ಆಯ್ತಲ್ಲ, 2.44 ಕಿಲೋಮೀಟರ್, ಈಗ ಊಟ ಮಾಡ್ಕೊಂಡೂ ಬರ್ಬಹುದು. ಝೀನನ್ನ ಮುಂಚೆ ಕೊಡ್ಲಿಲ್ಲ, ಅಟ್ಟದಿಂದ ಇಳಿದು ಹಿತ್ತಿಲ ಬಾಗಿಲಿಂದ ಹೊರಗೆ ಬರುವಾಗ ಕೊಟ್ವಿ, ಹಾಳಾಗದೇ ಉಳಿದಿದ್ದ ಒಂದು ದೊಡ್ಡ ಅಡಿಕೆ ಹಾಳೇಲಿ ಜೋಡಿಸಿಟ್ಟು. ಹುಡುಗ್ರು ಫೋಟೋ ತೆಗ್ದು ಜೇಬಿಗೆ ಹಾಕ್ಕೊಂಡ್ರು. ಒಬ್ರು ಪಾತ್ರವರ್ಗ ಎಲ್ಲಿ ಅಂತ ಹುಡುಕ್ತಿದ್ರು, ಅದು ಖಾಕಿ ಕಾಗದದ ಒಳಗಡೆ ಸಣ್ಣದಾಗಿತ್ತು, ಡೈರೆಕ್ಟರಿಗೂ ಅದೇ ಬೇಜಾರು.

ಎರಡನೇ ದಿನ ಒಬ್ರು ವಯಸ್ಸಾದೋರು, ಆಚೆ ದಡದವ್ರು, ಜಗಲಿ ಮೇಲೆ ಲಾಟೀನ್ ಹತ್ರ ಕೂತು ಪೂರ್ತಿ ಓದಿದ್ರು. ಓದಿ ಮತ್ತೆ ಮೊದಲ ಪುಟಕ್ಕೆ ಹೋದ್ರು.

"ಇದು 1804ರಿಂದ ಶುರುವಾಗಿದೆಯಲ್ಲ."

ಹೌದು ಅಂದೆ, ಖುಷಿಯಾಗಿ, ಗೊತ್ತಾಯ್ತಲ್ಲ ಇವ್ರಿಗೆ ಅಂತ.

"ನಮ್ಮನೆ ಅಂಗಳ ಕಾಣ್ಬೇಕಂದ್ರೆ ನೀರು 1770ಕ್ಕೆ ಇಳೀಬೇಕು ತಂಗಿ. ನಿಮ್ಮ ಪುಸ್ತಕದ ಮೊದಲ ಪುಟಕ್ಕೆ ಮುಂಚೆನೇ ನಾವು ಮುಳುಗಾಯ್ತು."

ಸಿಟ್ಟಲ್ಲಿ ಹೇಳಿದ್ದಲ್ಲ, ಅಡಿಕೆ ರೇಟ್ ಹೇಳ್ದಂಗೆ ಹೇಳಿದ್ರು. ನಾನು ಹದಿನಾರು ಪುಟ ಮಾಡಿದ್ದು ನಾಲ್ಕು ಹಾಳೆ ಮಡಚೋಕೆ ಸುಲಭ ಅಂತ, ಬೇರೆ ಕಾರಣ ಏನೂ ಇರ್ಲಿಲ್ಲ, ಅದನ್ನ ಅವ್ರಿಗೆ ಹೇಳೋಕೂ ಬಾಯಿ ಬರ್ಲಿಲ್ಲ. ಜೆರಾಕ್ಸ್ ಅಂಗಡಿಯೋರು ಕೇಳಿದ್ದೂ ಇದನ್ನೇ ಅಲ್ವಾ. ನಿಮ್ಮ ಗದ್ದೆಗೆ ಏನೇನು ಹೆಸರಿತ್ತು ಅಂತ ಕೇಳ್ದೆ. "ಇತ್ತಪ್ಪ, ಸುಮಾರಿತ್ತು" ಅಂದ್ರು, ಅಷ್ಟರಲ್ಲಿ ಜೀಪಿನೋನು ಹಾರ್ನ್ ಹೊಡ್ದ, ಪುಸ್ತಕ ಮಡಿಚಿ ಅಂಗಿ ಜೇಬಿಗೆ ಹಾಕ್ಕೊಂಡು ಹೊರಟ್ರು. ಎ5 ಜೇಬಿಗೆ ಹಿಡಿಸಲ್ಲ, ನಡುವೆ ಮತ್ತೊಂದು ಮಡಿಕೆ ಬಿತ್ತು.

ಕೊಯ್ಲು ಮುಗಿದ ಮೇಲೆ ಸೇತುವೆ ದಾಟಿ ಅವ್ರ ಮನೆಗೆ ಹೋಗ್ಬೇಕು, ಈ ಸಲ ಪೆನ್ ತಗೊಂಡೇ. 1770ರಿಂದ 1819 ಅಂದ್ರೆ 50 ಪುಟ, ನಾಲ್ಕರಿಂದ ಭಾಗ ಆಗಲ್ಲ, ಎರಡಡಿ ಇನ್ನೂ ಕೆಳಗೆ ಹೋಗಿ 1768ರಿಂದ ಶುರು ಮಾಡಿದ್ರೆ 52. ಹದಿಮೂರು ಎ4. ಕೂಡಿಸಿದ್ರೆ 3587 ಬರ್ಬೇಕು. ಹದಿಮೂರು ಹಾಳೆ ಒಟ್ಟಿಗೆ ಮಡಚಿದ್ರೆ ನಡುವಿನವು ಹೊರಗೆ ಚಾಚ್ಕೊಳ್ಳುತ್ತೆ, ಅಂಚು ಕತ್ತರಿಸ್ಬೇಕಾಗುತ್ತೆ. ದೊಡ್ಡಮ್ಮನ ಕೇಳ್ದೆ, ಹದಿಮೂರರಲ್ಲಿ ದಬ್ಬಣ ಇಳಿಯುತ್ತಾ ಅಂತ. ಅಡಿಕೆ ಸುಲೀತಿದ್ರು, ತಲೆ ಎತ್ತಲಿಲ್ಲ, "ಗೋಣಿ ಎರಡು ಪದರಕ್ಕೇ ಇಳಿಯುತ್ತೆ, ನಿನ್ನ ಕಾಗದ ಎಂತದು" ಅಂದ್ರು.