ಮೇಸನ್ ಏಪ್ರನ್: ಮೂಲೆಯ ಗುಳ್ಳೆ ಕೊನೆಗೂ ಹೋಯಿತು

ಕೆಳಗಿನ ಎರಡೂ ಮೂಲೆಗಳು ಚಪ್ಪಟೆಯಾಗಿ ಕೂತವು! ಇದು ಫ್ರೀಮೇಸನ್ ಎಂಬ ಸೋದರ ಸಂಘದ ಇಂಗ್ಲೆಂಡಿನ ಶಾಖೆಗಳಾದ ಲಾಡ್ಜ್‌ಗಳ ಮಾಸ್ಟರ್ ಮೇಸನ್ (ಮೂರನೇ ದರ್ಜೆಯ ಸದಸ್ಯ) ಏಪ್ರನ್: ಬಿಳಿ ಕುರಿಮರಿ ಚರ್ಮ, ತಿಳಿನೀಲಿ ಅಂಚು, ಮೂರು ರೋಸೆಟ್ (ರಿಬ್ಬನ್ನಿನ ಹೂವು), ಬೆಳ್ಳಿ ಬಣ್ಣದ ಕುಚ್ಚು. ನಿಯಮದಂತೆ ಅಗಲ 14ರಿಂದ 16 ಇಂಚು, ಉದ್ದ 12ರಿಂದ 14. ಇಲ್ಲಿ ಹಿಡಿದದ್ದು 16 × 14. ಚರ್ಮ ಕತ್ತರಿಸುವುದು, ಒಳಬಟ್ಟೆ ಹಾಕುವುದು ಎಲ್ಲರಿಗೂ ಗೊತ್ತು. ತಲೆ ತಿಂದದ್ದು 38 ಮಿಮೀ ಅಂಚಿನ ರಿಬ್ಬನ್, ಮೂಲೆಗೆ ಬಂದಾಗಲೆಲ್ಲ ಗುಳ್ಳೆಯಂತೆ ಉಬ್ಬುತ್ತಿತ್ತು.

ಚರ್ಮ ಪಟಕದಲ್ಲಿ (ಆಲಂ) ಹದ ಮಾಡಿದ್ದು. ಒಳಗಿನವರೆಗೂ ಬಿಳುಪು, ಮುಟ್ಟಿದರೆ ಮೆತ್ತಗೆ. ಆದರೆ ನೀರು ತಾಗಿದರೆ ಪಟಕ ತೊಳೆದುಹೋಗಿ ಆ ಜಾಗ ರಟ್ಟಿನಂತೆ ಗಡುಸಾಗುತ್ತದೆ. ರಿಬ್ಬನ್ನು ಮೊಯರೆ ರೇಷ್ಮೆ. ಅದರ ಅಲೆಯಂಥ ಹೊಳಪು ಬರುವುದು ಬಿಸಿ ರೋಲರುಗಳ ಒತ್ತಡದಿಂದ. ಹಬೆ ಹಿಡಿದರೆ ಅಲೆ ಮಾಯ, ಮತ್ತೆ ಬರುವುದಿಲ್ಲ. ಹಾಗಾಗಿ ಬಟ್ಟೆಯಲ್ಲಿ ಮಾಡುವಂತೆ ಸುಕ್ಕನ್ನು ಹಬೆ ಇಸ್ತ್ರಿಯಲ್ಲಿ ಕೂರಿಸುವಂತಿಲ್ಲ, ನೀರಿನ ಅಂಟು ಹಚ್ಚುವಂತಿಲ್ಲ. ರಬ್ಬರ್ ಸೊಲ್ಯೂಶನ್ ತೆಳು ರೇಷ್ಮೆಯಲ್ಲಿ ಜಿನುಗಿ ಕಲೆ ಬಿಡುತ್ತದೆ. ಬಿಚ್ಚಿ ಹೊಲಿಯುವ ದಾರಿಯೂ ಇಲ್ಲ, ಏಕೆಂದರೆ ಚರ್ಮದಲ್ಲಿ ಸೂಜಿ ಬಿದ್ದ ತೂತು ತೂತೇ.

ಗುಳ್ಳೆ ಏಳುವುದೇಕೆ? ಹೊಲಿಗೆ ಯಂತ್ರದ ಹಲ್ಲು ಕೆಳಗಿನ ಚರ್ಮವನ್ನು ಎಳೆಯುತ್ತದೆ, ಮೇಲಿಂದ ಒತ್ತಿಹಿಡಿಯುವ ಫುಟ್ ರಿಬ್ಬನ್ನನ್ನು ತಡೆಯುತ್ತದೆ. ಉದ್ದಕ್ಕೂ ಕೂದಲೆಳೆಯಷ್ಟೇ ಹಿಂದೆ ಬಿದ್ದ ರಿಬ್ಬನ್ ಮೂಲೆಗೆ ಬರುವಾಗ ಕೆಲವು ಮಿಲಿಮೀಟರ್ ಉಳಿದುಬಿಡುತ್ತದೆ. 45 ಡಿಗ್ರಿ ಮಡಿಕೆಯನ್ನು ಮೊದಲೇ ಗಟ್ಟಿ ಮಾಡಿದ್ದರೆ ಆ ಹೆಚ್ಚಳಕ್ಕೆ ಹೋಗಲು ದಾರಿಯಿಲ್ಲ, ಅಲ್ಲೇ ಉಬ್ಬುತ್ತದೆ. ಟೆಫ್ಲಾನ್ ಫುಟ್ ಹಾಕಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಗೆದ್ದದ್ದು ಹೊಲಿಯುವ ಕ್ರಮ ಬದಲಿಸಿ. ಮೊದಲು ಕೆಳಗಿನ ಅಂಚು ಮಾತ್ರ, ಎರಡೂ ಮೂಲೆಗೆ 2 ಇಂಚು ಇರುವಂತೆಯೇ ನಿಲ್ಲಿಸಬೇಕು. ರಿಬ್ಬನ್ನಿನ ಎರಡೂ ತುದಿ ಸಡಿಲವಿರುವುದರಿಂದ ಹೆಚ್ಚಳ ತಾನೇ ಹೊರಗೆ ಸರಿಯುತ್ತದೆ. ಆಮೇಲೆ ಮಡಿಕೆ ಹಾಕಿ, ಕೈಯಲ್ಲಿ ಹೆಮ್ಮಿಂಗ್ ಮಾಡಿ, ಬಿಟ್ಟ 2 ಇಂಚು ಮುಗಿಸಿ, ಬದಿಗಳನ್ನು ಮೂಲೆಯಿಂದ ಮೇಲಕ್ಕೆ ಹೊಲಿಯಬೇಕು. ಮಿಕ್ಕಿದ್ದು ಮೇಲಿನ ಮಡಿಲಿನಡಿ (ಸೊಂಟದಿಂದ ಕೆಳಗೆ ಮಡಚಿಬಿದ್ದ ತ್ರಿಕೋನದ ಭಾಗ) ಅಡಗುತ್ತದೆ. ರಿಬ್ಬನ್ನಿನ ಒಳಅಂಚು, ಹೊರಅಂಚು ಎರಡನ್ನೂ ಒಂದೇ ದಿಕ್ಕಿನಲ್ಲಿ ಹೊಲಿಯಬೇಕು, ಎದುರುಬದುರಾದರೆ ಓರೆ ಸುಕ್ಕು ಬೀಳುತ್ತದೆ. ಚರ್ಮದ ಸೂಜಿ 14ನೇ ನಂಬರು, ಹೊಲಿಗೆ 3.5 ಮಿಮೀ. 2 ಮಿಮೀಗಿಂತ ಒತ್ತಾದರೆ ಅಂಚು ಸಾಲುತೂತಿನ ಗುಂಟ ಹರಿಯುತ್ತದೆ. ಗುಂಡುಸೂಜಿ ಬೇಡವೇ ಬೇಡ, ಕ್ಲಿಪ್ ಸಾಕು. ಲೆಕ್ಕ: ಎರಡು ಬದಿ 28, ಕೆಳಗೆ 16, 5 ಇಂಚು ಇಳಿಯುವ ತ್ರಿಕೋನ ಮಡಿಲಿಗೆ 19, ಒಟ್ಟು 63 ಇಂಚು. 2 ಮೀಟರ್ ತಂದರೆ ನಿಶ್ಚಿಂತೆ.

ತರುವುದೇ ಕಷ್ಟ. ತಿಳಿನೀಲಿ ಮೊಯರೆ ಎಂದು ಬರೆದುಕೊಟ್ಟರೂ ಅಂಗಡಿಯಿಂದ ಬಂದದ್ದು ಕಡುನೀಲಿ ಪಾಲಿಯೆಸ್ಟರ್ ಸ್ಯಾಟಿನ್. 'ನೀಲಿ ನೀಲಿನೇ ಅಲ್ವಾ ಸಾರ್' ಅಂತ ಅಂಗಡಿಯವನ ಉತ್ತರ ಬೇರೆ. ಅಲ್ಲಪ್ಪ! ಇಂಗ್ಲೆಂಡಿನಲ್ಲಿ ಕಡುನೀಲಿ ಎಲ್ಲ ಲಾಡ್ಜುಗಳ ಮೇಲಿನ ಗ್ರ್ಯಾಂಡ್ ಲಾಡ್ಜಿನ ಅಧಿಕಾರಿಗಳದ್ದು, ಸಾಮಾನ್ಯ ಸದಸ್ಯರದ್ದು ತಿಳಿನೀಲಿ. ಛಾಯೆ ತಪ್ಪಿದರೆ ದರ್ಜೆಯೇ ತಪ್ಪಿತು. ಸ್ಕಾಟ್ಲೆಂಡ್ ಆಗಿದ್ದರೆ ಬೇರೆ ಮಾತು, ಅಲ್ಲಿ ಲಾಡ್ಜ್‌ಗಳು ತಮ್ಮ ಬಣ್ಣ ತಾವೇ ಆರಿಸಿಕೊಳ್ಳುತ್ತವೆ, ಟಾರ್ಟನ್ (ಬಣ್ಣದ ಚೌಕಳಿ ಬಟ್ಟೆ) ಅಂಚೂ ಉಂಟು.

ಉಳಿದದ್ದು ಕುಚ್ಚು. ಒಂದೊಂದರಲ್ಲೂ ಏಳು ಸರಪಳಿ. ಇವು ಹಳೆಯ ಸೊಂಟದ ದಾರದ ಗುರುತು ಎಂಬ ವಿವರಣೆಯೇ ಹೆಚ್ಚು ಒಪ್ಪುವಂಥದ್ದು: ಕಲ್ಲುಕುಟಿಗರ ಉದ್ದನೆಯ ಚರ್ಮದ ಏಪ್ರನ್ನಿನ ದಾರವನ್ನು ಹಿಂದೆ ಸುತ್ತಿ ಮುಂದೆ ಗಂಟು ಹಾಕಿದರೆ ಎರಡು ತುದಿ ಮಡಿಲಿನ ಕೆಳಗೆ ಇಳಿಬೀಳುತ್ತವೆ. ಮಡಿಲೂ ಹಾಗೆಯೇ, ಎದೆಗೆ ಏರಿಸಿ ಸಿಕ್ಕಿಸುತ್ತಿದ್ದ ಭಾಗ ಕೆಳಗೆ ಮಡಚಿಕೊಂಡಿತು. 1813ರ ಡಿಸೆಂಬರ್ 27ರಂದು ಇಂಗ್ಲೆಂಡಿನ ಎರಡು ಗ್ರ್ಯಾಂಡ್ ಲಾಡ್ಜ್‌ಗಳು ಒಂದಾದ ಮೇಲೆಯೇ ಈ ಆಯತಾಕಾರದ ನಮೂನೆ ಕಡ್ಡಾಯವಾದದ್ದು. ಅದಕ್ಕೂ ಮುಂಚೆ ಒಬ್ಬೊಬ್ಬರದು ಒಂದೊಂದು ಬಗೆ, ಕೈಯಲ್ಲಿ ಬರೆದ ಸೂರ್ಯ, ಚಂದ್ರ, ಕಂಬ, ಕೈವಾರ.

ಮುಂದಿನ ಕೆಲಸ ಅದೇ! 18ನೇ ಶತಮಾನದ ಉದ್ದನೆಯ ಏಪ್ರನ್, ಹೊಟ್ಟೆಭಾಗದ ಓರೆಕೋರೆ ಅಂಚನ್ನು ಹಾಗೇ ಬಿಟ್ಟ ಇಡೀ ಕುರಿಚರ್ಮ, ಸೊಂಟಕ್ಕೆ ಎರಡು ಸುತ್ತು ಬರುವ 2.5 ಮೀಟರ್ ಲಿನನ್ ದಾರ. ರಿಬ್ಬನ್ ಇಲ್ಲ, ಮೂಲೆಯೂ ಇಲ್ಲ. ಆದರೆ ಪಟಕದ ಚರ್ಮಕ್ಕೆ ನೀರಿನ ಬಣ್ಣ ಆಗದು. ತೆಳು ಎಣ್ಣೆಬಣ್ಣ ಎಷ್ಟು ಹರಡುತ್ತದೆಂದು ನೋಡಲು ಈ ಏಪ್ರನ್ನಿನ ತುಂಡುಗಳನ್ನು ಎತ್ತಿಟ್ಟಾಗಿದೆ.