ಟೈಮ್ ಯಾವುದುಂಟು?

ನಮ್ಮ ಕಡೆ ಯಾರಾದರೂ ಲೈನ್ ಬಸ್ಸು ಮಾರುತ್ತಾರೆ ಅಂತ ಸುದ್ದಿ ಬಂದರೆ, ಕೊಳ್ಳುವವರು ಮೊದಲು ಇಂಜಿನ್ ಬಗ್ಗೆ ಕೇಳುವುದಿಲ್ಲ. ಟಯರ್ ಬಗ್ಗೆಯೂ ಕೇಳುವುದಿಲ್ಲ. "ಟೈಮ್ ಯಾವುದುಂಟು?" ಅಂತ ಕೇಳುತ್ತಾರೆ. ಟೈಮ್ ಅಂದರೆ ಆ ಬಸ್ಸಿಗೆ ಗೊತ್ತುಮಾಡಿ ಕೊಟ್ಟ ಹೊರಡುವ ಹೊತ್ತು. ಬೆಳಿಗ್ಗೆ 7.15ಕ್ಕೆ ಕಾರ್ಕಳ ಬಿಟ್ಟು ಆಫೀಸಿನ ಹೊತ್ತಿಗೆ ಮಂಗಳೂರು ಮುಟ್ಟುವ ಟೈಮ್ ಇದ್ದರೆ, ಗುಜರಿಗೆ ಹೋಗುವಂಥ ಬಸ್ಸಿಗೂ ಒಳ್ಳೆ ರೇಟು. ಮಧ್ಯಾಹ್ನ 11.30ರ ಟೈಮ್ ಆದರೆ ಹೊಸ ಬಸ್ಸಿಗೂ ಗಿರಾಕಿ ಹಿಂದೆಮುಂದೆ ನೋಡುತ್ತಾನೆ.

ಬಿ.ಕಾಂ. ಮುಗಿಸಿ ಕೆಲವು ವರ್ಷ ಕಾರ್ಕಳದ ಒಂದು ಬಸ್ ಆಫೀಸಿನಲ್ಲಿ ಲೆಕ್ಕ ಬರೆದವಳು ನಾನು. ನಾಲ್ಕು ಬಸ್ಸಿನ ಸಣ್ಣ ಕಂಪನಿ. ಮಾಲೀಕರನ್ನು ಎಲ್ಲರೂ ಧಣಿ ಅಂತಲೇ ಕರೆಯುತ್ತಿದ್ದರು, ಹಾಗಾಗಿ ಇಲ್ಲೂ ಧಣಿ ಅಂತಲೇ ಇರಲಿ. ಈಗ ಬೆಂಗಳೂರಿನಲ್ಲಿದ್ದೇನೆ. ಇಲ್ಲಿ ಮಂಗಳೂರಿಗೆ ಹೋಗಿ ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಅಲ್ಲಿ ಯಾಕೆ ಎಲ್ಲಾ ಕಡೆ ಪ್ರೈವೇಟ್ ಬಸ್ಸು, ಮತ್ತು ಅವರು ಯಾಕೆ ಹಾಗೆ ಓಡಿಸುತ್ತಾರೆ?

ಮೊದಲನೆಯದಕ್ಕೆ ಉತ್ತರ ಹಳೆಯದು. ಮೈಸೂರಿನಲ್ಲಿ ಸರ್ಕಾರವೇ ಬಸ್ಸು ಓಡಿಸಲು ಶುರು ಮಾಡಿದ್ದು 1948ರಲ್ಲಿ, 120 ಬಸ್ಸು ಇಟ್ಟುಕೊಂಡು. ಆಗ ನಮ್ಮ ಕರಾವಳಿ ಮದರಾಸಿಗೆ ಸೇರಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಕರಾವಳಿಯಲ್ಲಿ ಖಾಸಗಿ ಬಸ್ಸು ಗಟ್ಟಿಯಾಗಿ ಬೇರು ಬಿಟ್ಟಿತ್ತು. ಕೆನರಾ ಪಬ್ಲಿಕ್ ಕನ್ವೇಯನ್ಸ್, ಜನರ ಬಾಯಲ್ಲಿ ಸಿಪಿಸಿ, 1914ರಲ್ಲೇ ಶುರುವಾಗಿತ್ತು. ಆಮೇಲೆ ಹನುಮಾನ್, ಶಂಕರ್ ವಿಠಲ್, ಬಲ್ಲಾಳ್ ಕಂಪನಿಗಳು. ನಮ್ಮ ಅಜ್ಜಿ ಕೊನೆಯವರೆಗೂ ಯಾವ ಬಸ್ಸನ್ನು ನೋಡಿದರೂ ಸಿಪಿಸಿ ಅಂತಲೇ ಹೇಳುತ್ತಿದ್ದರು. ಸಾಲ ಕೊಡುವವರಿಗೂ ಬರ ಇರಲಿಲ್ಲ. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ, ಇಷ್ಟೂ ಬ್ಯಾಂಕು ಹುಟ್ಟಿದ್ದು ಈ ಕರಾವಳಿಯಲ್ಲೇ ಅಲ್ವಾ.

ಎರಡನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಧಣಿಯ ಬೀರು ತೆಗೆಯಬೇಕು. ಅದರಲ್ಲಿ ಪರ್ಮಿಟ್ ಇತ್ತು. ಪ್ಲಾಸ್ಟಿಕ್ ಕವರಿನೊಳಗೆ, ಮನೆ ದಸ್ತಾವೇಜಿನ ಜೊತೆ. ಪರ್ಮಿಟ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ಅಂದರೆ ಆರ್‌ಟಿಎ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಪರ್ಮಿಟ್ ಐದು ವರ್ಷಕ್ಕೆ, ಆಮೇಲೆ ನವೀಕರಣ. ಬಸ್ಸು ಎಲ್ಲಿಂದ ಎಲ್ಲಿಗೆ, ಯಾವ ದಾರಿಯಲ್ಲಿ, ದಿನಕ್ಕೆ ಎಷ್ಟು ಸಿಂಗಲ್ (ಒಂದು ಕಡೆಯ ಟ್ರಿಪ್), ಎಲ್ಲಾ ಅದರಲ್ಲಿ ಉಂಟು. ಅದರ ಜೊತೆ ಒಂದು ಟೈಮ್ ಶೀಟ್. ಕಾರ್ಕಳ ಎಷ್ಟಕ್ಕೆ ಬಿಡಬೇಕು, ಮೂಡಬಿದ್ರೆಗೆ ಎಷ್ಟಕ್ಕೆ ಬರಬೇಕು, ಅಲ್ಲಿ ಎಷ್ಟು ನಿಮಿಷ ನಿಲ್ಲಬಹುದು, ಕೈಕಂಬ ಎಷ್ಟಕ್ಕೆ, ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡ್ ಎಷ್ಟಕ್ಕೆ. ಧಣಿಯ ಆಸ್ತಿ ಅಂದರೆ ಆ ಒಂದು ಹಾಳೆ. ಬಸ್ಸು ಎಂಟು ಹತ್ತು ವರ್ಷಕ್ಕೆ ಬದಲಾಗುತ್ತದೆ. ಹಾಳೆ ಅಪ್ಪನಿಂದ ಮಗನಿಗೆ ಬರುತ್ತದೆ.

ಹಿಂದೆ ಪರ್ಮಿಟ್ ಸಿಗುವುದೇ ಕಷ್ಟ ಇತ್ತಂತೆ. 1989ರಲ್ಲಿ ಹೊಸ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದ ಮೇಲೆ ಕೇಳಿದವರಿಗೆಲ್ಲ ಸಿಗತೊಡಗಿತು ಅಂತ ಧಣಿ ಗೊಣಗುತ್ತಿದ್ದರು. ಹತ್ತು ನಿಮಿಷಕ್ಕೊಂದು ಇದ್ದ ಬಸ್ಸು ಐದಕ್ಕೊಂದು ಆಯಿತು, ಆಮೇಲೆ ಮೂರಕ್ಕೊಂದು. ಹೊಸಬರು ಯಾರಾದರೂ ಅರ್ಜಿ ಹಾಕಿದರೆ ಹಳಬರೆಲ್ಲ ಆಕ್ಷೇಪ ಹಾಕುತ್ತಾರೆ. "ಇವನ ಟೈಮ್ ನನ್ನದಕ್ಕಿಂತ ಎರಡು ನಿಮಿಷ ಮುಂಚೆ ಬೀಳ್ತದೆ ಸ್ವಾಮಿ." ಟೈಮಿಂಗ್ ಮೀಟಿಂಗಿಗೆ ಧಣಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ವಕೀಲರನ್ನೂ ಕರೆದುಕೊಂಡು ಹೋಗುತ್ತಿದ್ದರು. ಮಗಳ ನಿಶ್ಚಿತಾರ್ಥಕ್ಕೆ ಅವರು ಅಷ್ಟು ತಯಾರಿ ಮಾಡಿದ್ದನ್ನು ನಾನು ನೋಡಿಲ್ಲ. ಎರಡು ನಿಮಿಷಕ್ಕೆ ಇಷ್ಟೊಂದು ಜಗಳ ಯಾಕೆ ಅಂತ ನನಗೂ ಮೊದಲು ಅನಿಸಿತ್ತು. ಕಲೆಕ್ಷನ್ ಪುಸ್ತಕ ನೋಡತೊಡಗಿದ ಮೇಲೆ ಗೊತ್ತಾಯಿತು. ಬೆಳಿಗ್ಗೆ ಹೊತ್ತು ಒಂದು ಸ್ಟಾಪಿನಲ್ಲಿ ನಿಮಿಷಕ್ಕೆ ಇಬ್ಬರು ಮೂವರು ಬಂದು ನಿಲ್ಲುತ್ತಾರೆ. ಸಾಣೂರು, ಮುರತ್ತಂಗಡಿ, ಬೆಳುವಾಯಿ, ಅಲಂಗಾರು, ಮೂಡಬಿದ್ರೆ, ತೋಡಾರು, ಮಿಜಾರು, ಎಡಪದವು, ಗಂಜಿಮಠ. ಎರಡು ನಿಮಿಷ ಇಷ್ಟು ಕಡೆ ಸೇರಿದರೆ ಅರ್ಧ ಬಸ್ಸು ತುಂಬಿತು.

ಹಾಗಾಗಿ ಡ್ರೈವರ್‌ಗೆ ಎರಡು ಕಲೆ ಗೊತ್ತಿರಬೇಕು. ಮುಂದೆ ಯಾರೂ ಇಲ್ಲದಿದ್ದರೆ ಮೆಲ್ಲ ಹೋಗಿ ಹಿಂದಿನವನ ಪಾಲಿನ ಜನರನ್ನೂ ಹತ್ತಿಸಿಕೊಳ್ಳುವುದು. ಇದಕ್ಕೆ ಟೈಮ್ ತಿನ್ನುವುದು ಅಂತ ಹೆಸರು. ಮುಂದಿನವನು ಹಾಗೆ ತಿನ್ನುತ್ತಿದ್ದಾನೆ ಅಂತ ಗೊತ್ತಾದರೆ ಅವನ ಬಾಲ ಹಿಡಿದು, ಹಾರ್ನ್ ಹೊಡೆದು, ಆಗದಿದ್ದರೆ ದಾಟಿ ಹೋಗುವುದು. ಎಡಪದವಿನ ತಿರುವಿನಲ್ಲಿ ಎರಡು ಬಸ್ಸು ಅಕ್ಕಪಕ್ಕ ಬರುವುದನ್ನು ನೋಡಿ ಜನ ಬೈಯುತ್ತಾರೆ. ಬೈಯಲೇಬೇಕು, ನಾನೂ ಬೈದಿದ್ದೇನೆ. ಇಷ್ಟು ಮಾತ್ರ ಹೇಳುತ್ತೇನೆ, ಆ ಡ್ರೈವರ್‌ಗೆ ಅದು ಮೋಜಲ್ಲ. ರಾತ್ರಿ ಧಣಿಯ ಎದುರು ನಿಂತು "ಯಾಕೆ ಕಡಿಮೆ ಬಂತು" ಅನ್ನುವ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಅವನೇ. ಸಂಬಳದ ಮೇಲೆ ಕಲೆಕ್ಷನ್ ನೋಡಿ ಕಮಿಷನ್ ಕೊಡುವ ಪದ್ಧತಿ ಇರುವ ತನಕ ಈ ಓಟ ನಿಲ್ಲುವುದಿಲ್ಲ ಅಂತ ನನ್ನ ಅಭಿಪ್ರಾಯ. ಇದನ್ನು ಧಣಿಗೂ ಹೇಳಿದ್ದೆ. ಅವರು ನಕ್ಕು ಚಾ ತರಿಸಿದರು.

ಈ ಯುದ್ಧಕ್ಕೆ ಅಂಪೈರ್ ಅಂದರೆ ಟೈಮ್ ಕೀಪರ್. ಸ್ಟ್ಯಾಂಡಿನ ಮೂಲೆಯಲ್ಲಿ ಒಂದು ಮೇಜು, ಒಂದು ಪುಸ್ತಕ, ಬಾಯಲ್ಲಿ ವೀಳ್ಯ. ಬಸ್ ಮಾಲೀಕರೆಲ್ಲ ಸೇರಿ ಇಟ್ಟವನು. ಬಸ್ಸು ಒಳಗೆ ಬಂದ ಕೂಡಲೇ ಕಂಡಕ್ಟರ್ ಓಡಿ ಬಂದು ಟೈಮ್ ಬರೆಸಬೇಕು. ನಮ್ಮ ಲೈನಿನಲ್ಲಿ ತಡ ಮಾಡಿದ ನಿಮಿಷಕ್ಕೆ ಇಷ್ಟು ಅಂತ ದಂಡ ಇತ್ತು, ಆ ದುಡ್ಡು ಹಿಂದಿನ ಬಸ್ಸಿಗೆ. ಕಾನೂನಿನ ಪುಸ್ತಕದಲ್ಲಿ ಇದೆಲ್ಲ ಇಲ್ಲ. ಆದರೆ ಮೂಡಬಿದ್ರೆ ಸ್ಟ್ಯಾಂಡಿನಲ್ಲಿ ಆರ್‌ಟಿಒಗಿಂತ ಟೈಮ್ ಕೀಪರ್‌ಗೆ ಹೆದರುವವರೇ ಜಾಸ್ತಿ.

ಕಂಡಕ್ಟರ್‌ಗಳ ಬಗ್ಗೆ ಬರೆಯಲು ಇನ್ನೊಂದು ಪೋಸ್ಟ್ ಬೇಕು. "ದುಂಬು ಪೋಲೆ, ದುಂಬು ಪೋಲೆ" (ತುಳುವಿನಲ್ಲಿ ಮುಂದೆ ಹೋಗಿ) ಅನ್ನುತ್ತಾ ಎಪ್ಪತ್ತು ಜನರ ನಡುವೆ ನುಸುಳಿ, ಯಾರು ಎಲ್ಲಿ ಹತ್ತಿದರು, ಯಾರಿಗೆ ಚಿಲ್ಲರೆ ಬಾಕಿ ಉಂಟು, ಎಲ್ಲಾ ತಲೆಯಲ್ಲೇ ಇಟ್ಟುಕೊಳ್ಳುವವರು. ಸ್ಟಾಪಿನಲ್ಲಿ ಅಜ್ಜಿಯೊಬ್ಬರು ಬಾಳೆಗೊನೆ ಹಿಡಿದು ನಿಂತಿದ್ದರೆ ಕಂಡಕ್ಟರೇ ಇಳಿದು ಗೊನೆಯನ್ನು ಹಿಂದೆ ಹಾಕಿ, "ರೈಟ್ ಪೋಯಿ" (ರೈಟ್, ಹೋಗೋಣ) ಅಂತ ಕೂಗಿ, ಓಡುವ ಬಸ್ಸಿನ ಮೆಟ್ಟಿಲಿಗೆ ಹಾರುತ್ತಿದ್ದರು. ಊರಿನ ಮೆಡಿಕಲ್ ಅಂಗಡಿಯ ಪಾರ್ಸೆಲ್, ಮಲ್ಲಿಗೆ ಹೂವಿನ ಅಟ್ಟಿ (ಕಟ್ಟು), ಮರೆತು ಹೋದ ಟಿಫಿನ್ ಡಬ್ಬಿ, ಇವಕ್ಕೆಲ್ಲ ಟಿಕೆಟ್ ಇಲ್ಲ. ಕಂಡಕ್ಟರ್‌ನ ನೆನಪಿನ ಮೇಲೆ ಹೋಗಿ ಮುಟ್ಟುತ್ತಿದ್ದವು.

ನನ್ನ ಕೆಲಸ ಶುರುವಾಗುತ್ತಿದ್ದದ್ದು ಬಸ್ಸು ನಿಂತ ಮೇಲೆ. ಕಂಡಕ್ಟರ್ ಚೀಲ ತಂದು ಮೇಜಿನ ಮೇಲೆ ಸುರಿಯುತ್ತಿದ್ದ. ಮೆಷಿನ್ನಿನಿಂದ ಬಂದ ಉದ್ದದ ಚೀಟಿ ಒಂದು ಕಡೆ, ನೋಟು ಚಿಲ್ಲರೆ ಇನ್ನೊಂದು ಕಡೆ. ಅದರಲ್ಲಿ ಮೊದಲು ಡೀಸೆಲ್ ಕಳೆಯಬೇಕು. ಕಾರ್ಕಳದಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ದಿನಕ್ಕೆ ಆರು ಸಿಂಗಲ್ ಅಂದರೆ 300. ಪ್ರತಿ ಸ್ಟಾಪಿಗೂ ನಿಲ್ಲುವ ಬಸ್ಸು ಲೀಟರಿಗೆ ನಾಲ್ಕೂವರೆ ಕೊಟ್ಟರೆ ಪುಣ್ಯ. ಈಗಿನ ರೇಟು ಸುಮಾರು 90 ರೂಪಾಯಿ ಅಂತ ಹಿಡಿದರೂ ದಿನಕ್ಕೆ 6,000 ರೂಪಾಯಿ ಹೊಗೆ. ಆಮೇಲೆ ಡ್ರೈವರ್, ಕಂಡಕ್ಟರ್ ಸಂಬಳ, ಬಾಟಾ, ಊಟ. ಸ್ಟ್ಯಾಂಡ್ ಫೀ. ಟೈಮ್ ಕೀಪರ್ ಪಾಲು. ಉಳಿದದ್ದರಲ್ಲಿ ಸಾಲದ ಕಂತು, ಟಯರ್, ಪಾಟ (ಸ್ಪ್ರಿಂಗ್ ಪಟ್ಟಿ), ಬ್ರೇಕ್ ಲೈನರ್. ಇಷ್ಟು ಆದ ಮೇಲೆ ತೆರಿಗೆ. ಅದು ಮೂರು ತಿಂಗಳಿಗೊಮ್ಮೆ, ಸೀಟಿನ ಲೆಕ್ಕದಲ್ಲಿ. ಸೀಟಿನಲ್ಲಿ ಜನ ಕೂತರೋ ಬಿಟ್ಟರೋ ಸರ್ಕಾರಕ್ಕೆ ಬೇಕಿಲ್ಲ. ಇನ್ಶೂರೆನ್ಸ್ ಕೂಡ ತಲೆಲೆಕ್ಕವೇ. ಹಾಗಾಗಿ ಮಧ್ಯಾಹ್ನದ ಖಾಲಿ ಸಿಂಗಲ್ ಕಂಡರೆ ಧಣಿಗೆ ಹೊಟ್ಟೆ ಉರಿಯುತ್ತಿತ್ತು. ಆದರೂ ಬಿಡುವ ಹಾಗಿಲ್ಲ. ಟ್ರಿಪ್ ಕಟ್ ಮಾಡಿದರೆ ಬೇರೆ ಮಾಲೀಕರು ಅದನ್ನೇ ಹಿಡಿದು ಆರ್‌ಟಿಎಗೆ ದೂರು ಕೊಡುತ್ತಾರೆ.

ಕಾಲೇಜು ಮಕ್ಕಳದ್ದು ಬೇರೆಯೇ ಲೆಕ್ಕ. ಮೂಡಬಿದ್ರೆ ಅಂದರೆ ಕಾಲೇಜು, ಮಂಗಳೂರು ಅಂದರೆ ಇನ್ನಷ್ಟು ಕಾಲೇಜು. ಬೆಳಿಗ್ಗೆ ಬಸ್ಸು ಉಸಿರಾಡಲು ಜಾಗ ಇಲ್ಲದಷ್ಟು ತುಂಬಿರುತ್ತಿತ್ತು. ಕಲೆಕ್ಷನ್ ನೋಡಿದರೆ ಅರ್ಧ. ಪಾಸಿನ ರಿಯಾಯಿತಿಯನ್ನು ನಮಗೆ ಯಾರೂ ತುಂಬಿ ಕೊಡುತ್ತಿರಲಿಲ್ಲ. ಕೆಲವು ಕಂಡಕ್ಟರ್‌ಗಳು ಮಕ್ಕಳನ್ನು ಕಂಡರೆ ಮುಖ ಸಿಂಡರಿಸುತ್ತಿದ್ದದ್ದು ಅದಕ್ಕೇ. ತಪ್ಪೇ ಅದು. ಅದೇ ಮಕ್ಕಳು ಏಪ್ರಿಲ್‌ನಲ್ಲಿ ರಜೆಗೆ ಹೋದರೆ ಬಸ್ಸು ಬಿಕೋ ಅನ್ನುತ್ತಿತ್ತು, ಆಗ ಅವರ ಬೆಲೆ ಗೊತ್ತಾಗುತ್ತಿತ್ತು.

ಏಪ್ರಿಲ್, ಮೇ ತಿಂಗಳನ್ನು ದಾಟಿಸುತ್ತಿದ್ದದ್ದು ಮದುವೆ. ಸ್ಪೆಷಲ್ ಪರ್ಮಿಟ್ ಮಾಡಿಸಿ ದಿಬ್ಬಣಕ್ಕೆ ಬಸ್ಸು ಕೊಟ್ಟರೆ ಒಂದೇ ದಿನದಲ್ಲಿ ಲೈನಿನ ಎರಡು ದಿನದ ದುಡ್ಡು. ಸ್ಪೇರ್ ಬಸ್ಸು ಇದ್ದವರು ಅದನ್ನು ಲೈನಿಗೆ ಹಾಕುತ್ತಾರೆ. ಇಲ್ಲದವರು ಸುಮ್ನೆ ಆ ದಿನದ ಟ್ರಿಪ್ ನುಂಗುತ್ತಾರೆ, ಸ್ಟಾಪಿನಲ್ಲಿ ಕಾದವರು ಬೈದುಕೊಂಡು ಮುಂದಿನ ಬಸ್ಸು ಹತ್ತುತ್ತಾರೆ. ಜನವರಿಯ ಅತ್ತೂರು ಜಾತ್ರೆ ಇನ್ನೊಂದು ಸುಗ್ಗಿ. ಆ ವಾರ ಕಾರ್ಕಳದಲ್ಲಿ ಓಡದೆ ನಿಂತ ಬಸ್ಸು ಒಂದೂ ಸಿಗುವುದಿಲ್ಲ.

2020ರಲ್ಲಿ ಲಾಕ್‌ಡೌನ್ ಬಂದಾಗ ಧಣಿ ನಾಲ್ಕೂ ಬಸ್ಸಿನ ದಾಖಲೆ ಸರೆಂಡರ್ ಮಾಡಿದರು. ಓಡದ ಬಸ್ಸಿಗೆ ತೆರಿಗೆ ಬೀಳದಿರಲಿ ಅಂತ. ಕಂತಿಗೆ ಮಾತ್ರ ಸರೆಂಡರ್ ಇಲ್ಲ. ಮತ್ತೆ ಶುರುವಾದಾಗ ಎರಡನ್ನು ಮಾತ್ರ ಬಿಡಿಸಿಕೊಂಡರು. ನಾನು ಕೆಲಸ ಬಿಟ್ಟದ್ದು ಆಮೇಲೆ.

ಈಗ ಊರಿಗೆ ಹೋದಾಗ ನೋಡುತ್ತೇನೆ, ಟೈಮ್ ಶೀಟ್ ಅನ್ನುವುದೇ ತಮಾಷೆಯಾಗಿದೆ. ಬಿಕರ್ನಕಟ್ಟೆಯಿಂದ ಸಾಣೂರು ತನಕ 45 ಕಿ.ಮೀ. ಚತುಷ್ಪಥದ ಕೆಲಸ. ಅಂದರೆ ನಮ್ಮ ಲೈನ್ ಹೆಚ್ಚುಕಡಿಮೆ ಪೂರ್ತಿ. ಒಂದು ಕಡೆ ಗುಡ್ಡ ಅಗೆದಿದ್ದಾರೆ, ಇನ್ನೊಂದು ಕಡೆ ದಾರಿ ತಿರುಗಿಸಿದ್ದಾರೆ, ಮಳೆಗಾಲದಲ್ಲಿ ಕೆಸರು. ಪರ್ಮಿಟ್‌ನಲ್ಲಿ ಬರೆದ ನಿಮಿಷ ಹಳೆ ರಸ್ತೆಯದ್ದು. ಗುರುಪುರದಲ್ಲಿ ಕಳೆದುಕೊಂಡ ಹತ್ತು ನಿಮಿಷವನ್ನು ಡ್ರೈವರ್ ಮಿಜಾರಿನಲ್ಲಿ ಹುಡುಕುತ್ತಾನೆ. ಆಗ ಮತ್ತೆ ಅದೇ ಓಟ.

ಇದರ ಮೇಲೆ ಶಕ್ತಿ ಯೋಜನೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಮೊದಲಿಗೆ ನಮ್ಮ ಲೈನಿಗೆ ಅಷ್ಟು ಬಿಸಿ ತಟ್ಟಲಿಲ್ಲ, ಯಾಕೆಂದರೆ ಹತ್ತಲು ಸರ್ಕಾರಿ ಬಸ್ಸೇ ಇರಲಿಲ್ಲ. ಉಳಿದ ಜಿಲ್ಲೆಯ ಹೆಂಗಸರು ಆಧಾರ್ ತೋರಿಸಿ ಊರೂರು ಸುತ್ತುವಾಗ ಬೆಳುವಾಯಿಯ ಬೀಡಿ ಕಟ್ಟುವ ಹೆಂಗಸು ಪೂರ್ತಿ ದುಡ್ಡು ಕೊಟ್ಟೇ ಹೋಗುತ್ತಿದ್ದಳು. ಈಗ ಈ ದಾರಿಗೂ ಸರ್ಕಾರಿ ಬಸ್ಸು ಬಂದಿದೆ. ನಮ್ಮ ಅಮ್ಮ ಅದಕ್ಕೇ ಕಾಯುತ್ತಾರೆ, ಅರ್ಧ ಗಂಟೆ ಆದರೂ ಸರಿ. ನಾನು ಅವರನ್ನು ಬೈಯುವುದಿಲ್ಲ. ಆದರೆ ಒಂದು ಜಿಲ್ಲೆಯಲ್ಲಿ ಜನರನ್ನು ಹೊತ್ತದ್ದೇ ಖಾಸಗಿ ಬಸ್ಸು ಅಂತ ಗೊತ್ತಿದ್ದೂ ಆ ಬಸ್ಸುಗಳನ್ನು ಯೋಜನೆಯ ಲೆಕ್ಕದಿಂದ ಹೊರಗೆ ಇಟ್ಟದ್ದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಸರ್ಕಾರಿ ಸಾರಿಗೆ ನಿಗಮಗಳಿಗೆ ಸೊನ್ನೆ ಟಿಕೆಟಿನ ದುಡ್ಡು ಸರ್ಕಾರ ಕಟ್ಟಿಕೊಡುತ್ತದೆ. ಪ್ರೈವೇಟ್ ಬಸ್ಸಿನವನಿಗೆ ಸೀಟಿನ ತೆರಿಗೆ ಹಾಗೇ ಉಳಿದಿದೆ.

ಧಣಿಗೆ ಈಗ ಇದಕ್ಕಿಂತ ದೊಡ್ಡ ತಲೆನೋವು ಡ್ರೈವರ್. ಹುಡುಗರು ಯಾರೂ ಬರುವುದಿಲ್ಲ. ಲೈಸೆನ್ಸ್ ಆದ ಕೂಡಲೇ ಗಲ್ಫ್, ಇಲ್ಲವಾದರೆ ಟೂರಿಸ್ಟ್ ಗಾಡಿ. ನಮ್ಮ ಆಫೀಸಿನಲ್ಲಿ ಎಲ್ಲರಿಗಿಂತ ಜಾಸ್ತಿ ಕಲೆಕ್ಷನ್ ತರುತ್ತಿದ್ದ ಡ್ರೈವರ್ ಮೊನ್ನೆ ಮೂಡಬಿದ್ರೆ ಪೇಟೆಯಲ್ಲಿ ಸಿಕ್ಕಿದ. ಈಗ ಒಂದು ಶಾಲೆಯ ಬಸ್ಸು ಓಡಿಸುತ್ತಾನಂತೆ. ಹೊಟ್ಟೆ ಬಂದಿದೆ. ಲೈನ್ ನೆನಪಾಗುವುದಿಲ್ಲವಾ ಅಂತ ಕೇಳಿದೆ.

"ಎಂತ ನೆನಪು ಮಾರಾಯ್ತಿ," ಅಂದ. "ಭಾನುವಾರ ರಜೆ. ಸಂಜೆ ಐದಕ್ಕೆ ಮನೆ. ಹಿಂದೆ ಯಾರು ಬರ್ತಿದ್ದಾನೆ ಅಂತ ಕನ್ನಡಿ ನೋಡುವ ಅಗತ್ಯವೇ ಇಲ್ಲ."