ಚಾಮುಂಡಿ ಬೆಟ್ಟದ ಮುಂದೆ ಮಿಗ್: ಹಳೇ ಜೆಟ್‌ಗಳ ಸ್ಕ್ರೀನ್‌ಶಾಟ್ ಸರಣಿ ಎಲ್ಲಿಗೆ ಬಂತು

ಒಟ್ಟು ಆರು ಚಿತ್ರಗಳ ಸರಣಿ. ವಿಮಾನಗಳು ಭಾರತೀಯ ವಾಯುಪಡೆಯ ಹಳೇ ಜೆಟ್‌ಗಳು, ನೆಲ ಮೈಸೂರು–ಮಂಡ್ಯದ್ದು. ಮೂರು ಮುಗಿದಿವೆ, ಎರಡು ಅರ್ಧಕ್ಕೆ ನಿಂತಿವೆ, ಬೆಂಗಳೂರಿನಲ್ಲೇ ಹುಟ್ಟಿದ ಮಾರುತ ಜೆಟ್‌ನ ಚಿತ್ರ ಇನ್ನೂ ಶುರುವೇ ಆಗಿಲ್ಲ. ಚಿತ್ರಗಳೆಲ್ಲ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್‌ (ಸಿಮ್) ಒಂದರಲ್ಲಿ ತೆಗೆದವು; ಅದರ ಹೆಸರು ಫ್ಲೈಟ್‌ಗಿಯರ್. ದುಡ್ಡು ಕೊಡಬೇಕಿಲ್ಲ, ಯಾವ ಅಂಕಿಯನ್ನು ಬೇಕಾದರೂ ಒಳಹೊಕ್ಕು ಬದಲಿಸಬಹುದು. ನೆಲದ ಚಿತ್ರಣ ಸ್ವಲ್ಪ ಒರಟು. ಅದನ್ನು ಮರೆಮಾಚುವ ಉಪಾಯ ಮುಂದೆ ಬರುತ್ತದೆ.

ಮೊದಲ ಚಿತ್ರ ಮಿಗ್-21 ಜೆಟ್‌ನ ಒಂದು ಮಾದರಿಯಾದ ಬಿಸ್‌ದು. 1963ರಲ್ಲಿ ಸೇವೆಗೆ ಬಂದ ಮಿಗ್-21 ಕುಟುಂಬಕ್ಕೆ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡುಗೆ ಆಯಿತು. ಸರಣಿ ಅದರಿಂದಲೇ ಶುರುವಾಗಬೇಕು ಅನ್ನುವುದರಲ್ಲಿ ತಕರಾರಿರಲಿಲ್ಲ. ಜಾಗ ಮಂಡಕಳ್ಳಿ ವಿಮಾನ ನಿಲ್ದಾಣ, ಸಿಮ್‌ನಲ್ಲಿ ಕೋಡ್ ವಿ-ಓ-ಎಂ-ವೈ. ರನ್‌ವೇ 09/27, ಉದ್ದ 1,740 ಮೀಟರ್. ಮಿಗ್‌ಗೆ ಇದು ಬಿಗಿ: ಇಂಧನ ಅರ್ಧ ಟ್ಯಾಂಕ್, ಹೊಟ್ಟೆಯಡಿಯ 490 ಲೀಟರ್ ಟ್ಯಾಂಕ್ ತೆಗೆದು, ಆಫ್ಟರ್‌ಬರ್ನರ್ (ಹಿಂದೆ ಉರಿ ಉಗುಳಿ ಹೆಚ್ಚು ಬಲ ಕೊಡುವ ವ್ಯವಸ್ಥೆ) ಹಾಕಿ ಏರಿಸಬೇಕು. ಇಳಿಸುವ ಹಟ ಬೇಡ, ಚಿತ್ರಕ್ಕೆ ಏರಿಕೆ ಸಾಕು.

ಶುರುವಿನ ಪ್ರಯತ್ನಗಳೆಲ್ಲ ಆಟಿಕೆ ವಿಮಾನದ ಫೋಟೋದಂತೆ ಬಂದವು. ಕಾರಣ ವಿಮಾನದ ಮಾದರಿಯಲ್ಲಿರಲಿಲ್ಲ, ಲೆನ್ಸಿನಲ್ಲಿತ್ತು. ಫ್ಲೈಟ್‌ಗಿಯರ್‌ನ ಮಾಮೂಲಿ ನೋಟದ ಕೋನ 55 ಡಿಗ್ರಿ, ಅಂದರೆ ಕ್ಯಾಮೆರಾ ಭಾಷೆಯಲ್ಲಿ ಸುಮಾರು 35 ಎಂಎಂ ಲೆನ್ಸ್. ಮಿಗ್‌ನ ಉದ್ದ ಹತ್ತಿರ ಹತ್ತಿರ 15 ಮೀಟರ್. ಚೌಕಟ್ಟಿನ ಅಗಲದಲ್ಲಿ ಶೇ. 60ನ್ನು ಅದು ತುಂಬಬೇಕಾದರೆ ಕ್ಯಾಮೆರಾ 24 ಮೀಟರ್ ದೂರಕ್ಕೆ ಬರಬೇಕು. ಅಷ್ಟು ಹತ್ತಿರದಿಂದ, ಮೂತಿ ನಮ್ಮ ಕಡೆ ತಿರುಗಿರುವ ಕೋನದಲ್ಲಿ, ಮೂತಿ 17 ಮೀಟರ್ ದೂರದಲ್ಲಿದ್ದರೆ ಬಾಲ 31 ಮೀಟರ್ ದೂರದಲ್ಲಿರುತ್ತದೆ. ಮೂತಿ ಬಾಲಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ದೊಡ್ಡದಾಗಿ ಕಂಡು ಜೆಟ್ ಹೋಗಿ ಸೊರೆಕಾಯಿ ಆಗುತ್ತದೆ.

ಕೋನವನ್ನು 24 ಡಿಗ್ರಿಗೆ ಇಳಿಸಿದರೆ 85 ಎಂಎಂ ಲೆನ್ಸ್ ಸಿಕ್ಕಂತೆ. ಆಗ ಕ್ಯಾಮೆರಾ 59 ಮೀಟರ್ ಹಿಂದೆ ನಿಲ್ಲಬೇಕು, ಮೂತಿ–ಬಾಲದ ವ್ಯತ್ಯಾಸ 1.27 ಪಟ್ಟಿಗೆ ಇಳಿಯುತ್ತದೆ. ರನ್‌ವೇ ಬದಿಯಲ್ಲಿ ಉದ್ದ ಲೆನ್ಸ್ ಹಿಡಿದು ನಿಂತವರು ತೆಗೆದ ಹಳೇ ಫೋಟೋಗಳ ಮೈಕಟ್ಟು ಇದೇ.

ಇನ್ನೊಂದು ಲಾಭ ಹಿನ್ನೆಲೆಯದು. ಚಾಮುಂಡಿ ಬೆಟ್ಟ ನಿಲ್ದಾಣದಿಂದ ಉತ್ತರಕ್ಕೆ, ಕೊಂಚ ಪೂರ್ವಕ್ಕೆ ವಾಲಿ, ಸುಮಾರು 5 ಕಿ.ಮೀ. ದೂರ; ರನ್‌ವೇ ಮಟ್ಟದಿಂದ ಸುಮಾರು 340 ಮೀಟರ್ ಎತ್ತರ. 55 ಡಿಗ್ರಿಯಲ್ಲಿ ಬೆಟ್ಟ ಚೌಕಟ್ಟಿನ ಎತ್ತರದ ಎಂಟನೇ ಒಂದು ಭಾಗ, ಗುಡ್ಡೆ ಮಣ್ಣು ಸುರಿದಂತೆ. 24 ಡಿಗ್ರಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು. ಮೈಸೂರಿನವರು ನೋಡಿದ ಕೂಡಲೇ ಗುರುತಿಸುತ್ತಾರೆ. ಚೌಕಟ್ಟಿನೊಳಗೆ ಬರುವ ನೆಲವೂ ಕಮ್ಮಿಯಾಗುವುದರಿಂದ ಒರಟು ನೆಲಹಾಸು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ.

ಮಾಡುವ ಬಗೆ: ಪಿ ಒತ್ತಿ ನಿಲ್ಲಿಸಿ. ವಿ ಒತ್ತುತ್ತಾ ಹೋಗಿ, ವಿಮಾನವನ್ನು ಹೊರಗಿನಿಂದ ತೋರಿಸುವ ಹೆಲಿಕಾಪ್ಟರ್ ವ್ಯೂಗೆ ಬನ್ನಿ. ಪ್ರಾಪರ್ಟಿ ಬ್ರೌಸರ್ (ಸಿಮ್‌ನ ಒಳಗಿನ ಅಂಕಿಗಳ ಪಟ್ಟಿ) ತೆರೆದು ಸಿಮ್ ಎಂಬ ವಿಭಾಗ, ಅದರೊಳಗೆ ಕರೆಂಟ್-ವ್ಯೂ. ಅಲ್ಲಿ ನೋಟದ ಕೋನವಾದ ಫೀಲ್ಡ್-ಆಫ್-ವ್ಯೂಗೆ 24, ಕ್ಯಾಮೆರಾ ದೂರವಾದ ಜಡ್-ಆಫ್‌ಸೆಟ್-ಎಂಗೆ 59. ಅಂಕಿಗೆ ಮೊದಲು ಮೈನಸ್ ಚಿಹ್ನೆ ಇದ್ದರೆ ಅದನ್ನು ಹಾಗೇ ಬಿಡಿ, ಅಳಿಸಿದರೆ ಕ್ಯಾಮೆರಾ ವಿಮಾನದ ಆಚೆ ಬದಿಗೆ ಹಾರುತ್ತದೆ. ಎಫ್10ರಿಂದ ಮೆನು ಮರೆಮಾಡಿ, ಎಫ್3 ಒತ್ತಿ ಸ್ಕ್ರೀನ್‌ಶಾಟ್ ತೆಗೆಯಿರಿ. ಮೊದಲು ನಿಲ್ಲಿಸಿ ಅಂದದ್ದು ಸುಮ್ಮನೆ ಅಲ್ಲ: ನೆಲದ ಮೇಲೆ ನೆಟ್ಟ ಕ್ಯಾಮೆರಾದ ಮುಂದೆ ಗಂಟೆಗೆ 850 ಕಿ.ಮೀ. ವೇಗದ ಜೆಟ್, ಇಂಥ 25 ಮೀಟರ್ ಅಗಲದ ಚೌಕಟ್ಟನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ದಾಟುತ್ತದೆ. ಹಾರಿಸಿ ಆಮೇಲೆ ರೀಪ್ಲೇಯಲ್ಲಿ ಹುಡುಕೋಣ ಅಂದರೆ ಬೇರೆ ತೊಂದರೆ. ದಾಖಲಾಗುವ ಪಟ್ಟಿಯಲ್ಲಿ ಇಲ್ಲದ ಚಲನೆಗಳು ರೀಪ್ಲೇಯಲ್ಲಿ ಬರುವುದಿಲ್ಲ, ಆಫ್ಟರ್‌ಬರ್ನರ್ ಉರಿ ಮಾಯವಾಗುವುದು ಹೀಗೆ.

ಬೆಳಕಿಗೆ ಡಿಸೆಂಬರ್ ಮೂರನೇ ವಾರ, ಬೆಳಗ್ಗೆ 7:20. ಸೂರ್ಯ ಹುಟ್ಟಿ ಮುಕ್ಕಾಲು ಗಂಟೆಯೂ ಆಗಿರುವುದಿಲ್ಲ, ಎತ್ತರ ಸುಮಾರು 9 ಡಿಗ್ರಿ, ದಿಕ್ಕು ಪೂರ್ವದಿಂದ ಆಗ್ನೇಯಕ್ಕೆ ವಾಲಿದ್ದು. ರನ್‌ವೇ 09ರಲ್ಲಿ ಪೂರ್ವಕ್ಕೆ ಓಡುವ ವಿಮಾನದ ಬಲಮಗ್ಗುಲಿಗೆ ಎಳೆಬಿಸಿಲು ಬೀಳುತ್ತದೆ. ದಕ್ಷಿಣದಲ್ಲಿ ನಿಂತು ಉತ್ತರಕ್ಕೆ ನೋಡುವ ಕ್ಯಾಮೆರಾಗೆ ಬೇಕಾದದ್ದೂ ಅದೇ ಮಗ್ಗುಲು. ಇದೇ ಚಿತ್ರವನ್ನು ಏಪ್ರಿಲ್ 20ರ ಆಚೀಚೆ ಮಧ್ಯಾಹ್ನ ತೆಗೆದರೆ ಸೂರ್ಯ ನೆತ್ತಿ ಮೇಲೆ, ಹೊಟ್ಟೆಯಡಿ ಕಪ್ಪು, ರೆಕ್ಕೆ ಮೇಲೆ ಬಿಳಿ. ಸಿಮ್‌ನ ಹವಾಮಾನದಲ್ಲಿ ಕಣ್ಣಿಗೆ ಕಾಣುವ ದೂರವನ್ನು 12ರಿಂದ 16 ಕಿ.ಮೀ. ಇಟ್ಟರೆ ಬೆಟ್ಟಕ್ಕೆ ತೆಳುವಾದ ಮಂಜು ಹತ್ತಿ ವಿಮಾನ ಮುಂದಕ್ಕೆ ಬರುತ್ತದೆ.

ದೂರ ಹೋದಷ್ಟೂ ಒಳ್ಳೆಯದು ಅಂತ 10 ಡಿಗ್ರಿ ಹಾಕಿ 143 ಮೀಟರ್ ಹಿಂದೆ ಸರಿದಾಗ ಪೈಲಟ್ಟೇ ಕಾಣೆ! ಗಾಜಿನೊಳಗೆ ಖಾಲಿ. ಭಾರ ಇಳಿಸಲು ಕೆಲವು ಮಾದರಿಗಳು ಇಷ್ಟು ಮೀಟರ್ ದಾಟಿದರೆ ಕಾಕ್‌ಪಿಟ್ ಬಿಡಿಸಬೇಡ ಎಂದು ಬರೆದುಕೊಂಡಿರುತ್ತವೆ. ಮಾದರಿಯ ಎಕ್ಸ್‌ಎಂಎಲ್ ಕಡತದಲ್ಲಿ ರೇಂಜ್ ಅನಿಮೇಷನ್ ಹುಡುಕಿ ಮ್ಯಾಕ್ಸ್-ಎಂ ಅಂಕಿಯನ್ನು 300ಕ್ಕೆ ಏರಿಸಿದರೆ ಪೈಲಟ್ ವಾಪಸ್. ಅದೇ ದೂರದಲ್ಲಿ ಮೈಮೇಲೆ ಅಂಟಿಸಿದ ಗುರುತುಗಳು ಮಿಣುಕುವುದೂ ಉಂಟು: ದೂರ ಹೆಚ್ಚಿದಂತೆ ಎರಡು ಅಂಟಿದ ಮೇಲ್ಮೈಗಳಲ್ಲಿ ಯಾವುದು ಮುಂದೆ ಅನ್ನುವುದು ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೆ ಹತ್ತಿರ ಬರುವುದೊಂದೇ ದಾರಿ. 24 ಡಿಗ್ರಿಗೇ ನಿಂತದ್ದು ಹೀಗೆ.

ಮಿಗ್‌ನ ಮೂತಿಯೊಳಗಿನ ಶಂಕುವನ್ನೂ ಒಮ್ಮೆ ನೋಡಿಕೊಳ್ಳಿ. ಅದು ಮುಂದಕ್ಕೆ ಚಾಚುವುದು ಶಬ್ದವೇಗವನ್ನು ಚೆನ್ನಾಗಿ ಮೀರಿದ ಮೇಲೆ. ರನ್‌ವೇ ಬಿಡುವ ಹೊತ್ತಿಗೇ ಚಾಚಿಕೊಂಡಿದ್ದರೆ ತಿಳಿದವರು ನಗುತ್ತಾರೆ.

ಎರಡನೆಯದು ಕನ್ನಂಬಾಡಿ ಕಟ್ಟೆ ಮೇಲೆ ಹಂಟರ್ ಜೆಟ್, ಸಂಜೆ 5:30. ಬೃಂದಾವನದ ಕಡೆಯಿಂದ ನೀರಿನತ್ತ ನೋಟ. ಇಲ್ಲಿ ಆದ ತಪ್ಪು ಅಂದರೆ ಕ್ಯಾಮೆರಾವನ್ನು ನೇರ ಪಶ್ಚಿಮಕ್ಕೆ, ಅಂದರೆ ದಿಕ್ಸೂಚಿಯ 270 ಡಿಗ್ರಿಗೆ ಇಟ್ಟದ್ದು. ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ಸುಮಾರು 246 ಡಿಗ್ರಿಯಲ್ಲಿ. ನೀರಿನ ಮೇಲಿನ ಹೊನ್ನಿನ ಪಟ್ಟೆ ಸೂರ್ಯನ ಕೆಳಗೇ ಬರುವುದರಿಂದ ಅದು ಪೂರ್ತಿ ಚೌಕಟ್ಟಿನಾಚೆ ಉಳಿಯಿತು. 270 ಬೇಕೇ ಬೇಕು ಅಂದರೆ ಮಾರ್ಚ್ 21ರ ಸುತ್ತಿನ ದಿನ ಆರಿಸಿ. ಎದುರು ಬೆಳಕಿನಲ್ಲಿ ಬಣ್ಣ ಕಾಣುವುದಿಲ್ಲ, ಹೊರಗೆರೆಯೇ ಎಲ್ಲ. ಹಂಟರ್ ಇದಕ್ಕೆ ಹೇಳಿ ಮಾಡಿಸಿದ್ದು: ರೆಕ್ಕೆಯ ಮುಂಗೆರೆಯ ಹಲ್ಲು, ರೆಕ್ಕೆಬುಡದ ಗಾಳಿಬಾಯಿ ಎರಡೂ ಕಾಣುವಂತೆ 30 ಡಿಗ್ರಿ ವಾಲಿಸಿ. ಹಿಂದೆ ಉರಿ ಮಾತ್ರ ಬೇಡ, ವಾಯುಪಡೆಯ ಹಂಟರ್‌ಗೆ ಆಫ್ಟರ್‌ಬರ್ನರ್ ಇರಲಿಲ್ಲ. ಅಂದ ಹಾಗೆ, ಸಿಮ್‌ನ ಕನ್ನಂಬಾಡಿಗೆ ಬೇಸಿಗೆ ಇಲ್ಲ. ನೀರು ಒಂದೇ ಮಟ್ಟದ ಹಾಳೆ. ವರ್ಷವಿಡೀ ಕಟ್ಟೆ ತುಂಬಿದ ಮಟ್ಟವಾದ 124.80 ಅಡಿ ಅಂದುಕೊಂಡು ಮಂಡ್ಯದವರು ಸಂತೋಷಪಡಬಹುದು.

ಮೂರನೆಯದು ಶ್ರೀರಂಗಪಟ್ಟಣದ ದ್ವೀಪ, ಮೇಲಿನಿಂದ. ಕಾವೇರಿ ಎರಡಾಗಿ ಒಡೆಯುವ ಜಾಗ, ಅದೇ ಹಂಟರ್, ಬೆಳಗ್ಗೆ 9. ಹೇಳುವಂಥದ್ದೇನೂ ಆಗಲಿಲ್ಲ.

ಎಲ್ಲವನ್ನೂ 3840 ಅಗಲದಲ್ಲಿ ಸೆರೆಹಿಡಿದು 1920ಕ್ಕೆ ಇಳಿಸಲಾಗಿದೆ. 25 ಮೀಟರ್ ಚೌಕಟ್ಟು 1920 ಪಿಕ್ಸೆಲ್ ಆದರೆ ಮೀಟರಿಗೆ 77 ಬರುತ್ತದೆ, ಒಂದು ಸೆಂ.ಮೀ. ದಪ್ಪದ ಆಂಟೆನಾಕ್ಕೆ ಪೂರ್ತಿ ಒಂದು ಪಿಕ್ಸೆಲ್ಲೂ ಇಲ್ಲ. ನೇರ 1920ರಲ್ಲಿ ತೆಗೆದರೆ ಅದು ಗರಗಸದಂತೆ ತುಂಡಾಗುತ್ತದೆ. ಸಂಜೆಯ ಆಕಾಶ ಜೆಪೆಗ್‌ನಲ್ಲಿ ಪಟ್ಟೆಪಟ್ಟೆಯಾದರೆ ಶೇ. 1ರಷ್ಟು ನಾಯ್ಸ್ (ಸಣ್ಣ ಚುಕ್ಕಿಗಳ ಕಲಬೆರಕೆ) ಬೆರೆಸಿ.

ಅರ್ಧಕ್ಕೆ ನಿಂತವು. ಹೊಳೆಯುವ ಲೋಹದ ಮೈಯ ಟೈಪ್ 77, ಅಂದರೆ ಮಿಗ್-21 ಎಫ್‌ಎಲ್. ಕೈಲಿರುವ ಮಾದರಿ ಬಿಸ್. ಅದರ ಬೆನ್ನು ದಪ್ಪ, ಮೇಲ್ಗಾಜು ಬಲಕ್ಕೆ ತೆರೆಯುತ್ತದೆ. 77ರದು ತೆಳು ಬೆನ್ನು, ಗಾಜು ಮುಂದಕ್ಕೆ ಮಗುಚುತ್ತದೆ. ಬಣ್ಣ ಬದಲಿಸಿ ದಾಟಿಸುವ ಯೋಚನೆ ಕೈಬಿಟ್ಟಾಯಿತು. ಇನ್ನೊಂದು, ಮೇಲುಕೋಟೆ ಯೋಗನರಸಿಂಹನ ಬೆಟ್ಟದ ಪಕ್ಕ ಪುಟ್ಟ ನ್ಯಾಟ್ ಜೆಟ್. ಸಿಕ್ಕ ಮಾದರಿ ಎರಡು ಸೀಟಿನ ಬ್ರಿಟಿಷ್ ತರಬೇತಿ ವಿಮಾನ, ನಮ್ಮ ವಾಯುಪಡೆ ಹಾರಿಸಿದ್ದು ಒಂಟಿ ಸೀಟಿನದ್ದು. ಸರಿಯಾದದ್ದು ಸಿಕ್ಕರೂ ಅದನ್ನು ಚೌಕಟ್ಟು ತುಂಬಿಸುವುದಿಲ್ಲ. 9 ಮೀಟರೂ ಇಲ್ಲದ ವಿಮಾನವನ್ನು ಮಿಗ್‌ನಷ್ಟೇ ದೊಡ್ಡದಾಗಿ ತೋರಿಸಿದರೆ ಅದರ ಪುಟಾಣಿತನವೇ ಹೋಗುತ್ತದೆ. ಕ್ಯಾಮೆರಾ 59 ಮೀಟರಲ್ಲೇ ಇರಲಿ.

ಮಾರುತಕ್ಕೆ ಬೇಕಾದದ್ದು ಎರಡು ಆರ್ಫಿಯಸ್ ಎಂಜಿನ್, ಪಕ್ಕೆಯಲ್ಲಿ ಅರ್ಧಶಂಕುವಿನ ಗಾಳಿಬಾಯಿ ಇರುವ ಮೈ. ಬೆಂಗಳೂರಿನಲ್ಲಿ ಹುಟ್ಟಿ 1961ರ ಜೂನ್ 17ರಂದು ಮೊದಲು ಹಾರಿದ ವಿಮಾನಕ್ಕೆ ಹಂಟರ್‌ನ ಮೈ ತೊಡಿಸುವುದು ಆಗದ ಮಾತು. ಎಚ್‌ಎಎಲ್ ಹೆರಿಟೇಜ್ ಸೆಂಟರ್‌ನಲ್ಲಿ ನಿಂತಿರುವ ಮಾರುತದ ಸುತ್ತ ಫೋಟೋ ತೆಗೆದು ಅಳತೆ ಹಾಕುವ ಕೆಲಸ ಮೊದಲು ಆಗಬೇಕು.